ಬೊಗೊಟಾದ ಬೆಟ್ಟಿ ನ್ಯೂಯಾರ್ಕ್‌ಗೆ ಬಂದದ್ದು ಹೇಗೆ?

ಸೀರಿಯಲ್ ಅಂದ ಕೂಡಲೇ ನಮ್ಮ ಹಾಸ್ಟೆಲ್‌ನಲ್ಲಿ ನಗೋರೇ ಜಾಸ್ತಿ. "ಅದೆಲ್ಲ ಅಜ್ಜಿ ನೋಡೋದು ಮಾರಾಯ" ಅಂತ ಒಂದೇ ಮಾತಲ್ಲಿ ಮುಗಿಸ್ತೀವಿ. ಆದರೆ ರಜೆಗೆ ಊರಿಗೆ ಹೋಗಿ ಅದೇ ಅಜ್ಜಿ ಪಕ್ಕ ಎರಡು ಸಂಜೆ ಕೂತರೆ, ಮೂರನೇ ದಿನ "ಆಮೇಲೆ ಏನಾಯ್ತಜ್ಜಿ?" ಅಂತ ಕೇಳೋರೂ ನಾವೇ. ಈ ಸಲ ನಾವು ಬರೀತಿರೋದು ದೂರದ ಸೀರಿಯಲ್‌ಗಳ ಬಗ್ಗೆ. ಲ್ಯಾಟಿನ್ ಅಮೆರಿಕದ ಟೆಲಿನೊವೆಲಾಗಳು ಇಂಗ್ಲಿಷ್ ಮಾತಾಡೋ ಅಮೆರಿಕನ್ನರ ಮನೆಯೊಳಗೆ ಬಂದದ್ದು ಹೇಗೆ ಅನ್ನೋದು ವಿಷಯ.

ಮೊದಲು ಒಂದು ವ್ಯತ್ಯಾಸ ತಿಳ್ಕೊಳ್ಳೋಣ. ಅಮೆರಿಕದ ಸೋಪ್ ಒಪೆರಾ ಹಗಲು ಹೊತ್ತಿನ ಧಾರಾವಾಹಿ, ಅದಕ್ಕೆ ಕೊನೆ ಅನ್ನೋದೇ ಇಲ್ಲ. 'ಜನರಲ್ ಹಾಸ್ಪಿಟಲ್' 1963ರಲ್ಲಿ ಶುರುವಾದದ್ದು ಇನ್ನೂ ಓಡ್ತಿದೆ. ಟೆಲಿನೊವೆಲಾ ಹಾಗಲ್ಲ. ಸಾಮಾನ್ಯವಾಗಿ ವಾರದಲ್ಲಿ ಐದು ದಿನ, ರಾತ್ರಿಯ ಮುಖ್ಯ ಹೊತ್ತಿನಲ್ಲಿ ಬರುತ್ತೆ. ಕೆಲವು ತಿಂಗಳು ಓಡಿ, ಕಥೆ ಹೇಳಿ ಮುಗಿಸಿಬಿಡುತ್ತೆ.

ಅಮೆರಿಕದ ಸ್ಪ್ಯಾನಿಷ್ ಮನೆಗಳಿಗೆ ಇದೇನೂ ಹೊಸದಾಗಿರಲಿಲ್ಲ. ಯೂನಿವಿಷನ್, ಟೆಲಿಮುಂಡೊ ಚಾನೆಲ್‌ಗಳಲ್ಲಿ ಅವರು ಮೊದಲಿಂದಲೂ ನೋಡ್ತಿದ್ರು. ಇಂಗ್ಲಿಷ್ ಪ್ರೇಕ್ಷಕರಿಗೆ ಮಾತ್ರ ಅದು ರಿಮೋಟ್‌ನಲ್ಲಿ ದಾಟಿಕೊಂಡು ಹೋಗೋ ಚಾನೆಲ್. ಈ ಗೋಡೆ ದಾಟೋಕೆ 2006ರಲ್ಲಿ ಎರಡು ಪ್ರಯತ್ನ ಒಂದೇ ತಿಂಗಳು ಶುರುವಾದವು.

ಮೊದಲನೆಯದು ಮೈನೆಟ್‌ವರ್ಕ್‌ಟಿವಿ ಅನ್ನೋ ಹೊಸ ಚಾನೆಲ್‌ದು. ಇವರು ಟೆಲಿನೊವೆಲಾದ ಅಚ್ಚನ್ನೇ ಎತ್ತಿಕೊಂಡರು. 'ಡಿಸೈರ್', 'ಫ್ಯಾಷನ್ ಹೌಸ್' ಅಂತ ಎರಡು ಇಂಗ್ಲಿಷ್ ಧಾರಾವಾಹಿ, ವಾರಕ್ಕೆ ಐದು ರಾತ್ರಿ, ಶನಿವಾರ ವಾರದ ಸಾರಾಂಶ. ರಾತ್ರಿ ಧಾರಾವಾಹಿಯನ್ನ ವಾರಕ್ಕೊಮ್ಮೆ ನೋಡೋ ಅಭ್ಯಾಸ ಇದ್ದವರು ದಿನಾ ಕೂರಲಿಲ್ಲ. ಮರುವರ್ಷವೇ ಚಾನೆಲ್ ಈ ದಾರಿ ಬಿಟ್ಟಿತು.

ಎರಡನೆಯದು 'ಅಗ್ಲಿ ಬೆಟ್ಟಿ'. ಮೂಲ ಕೊಲಂಬಿಯಾದ್ದು: ಫರ್ನಾಂಡೊ ಗೈತಾನ್ ಬರೆದ 'ಯೊ ಸೊಯ್ ಬೆಟ್ಟಿ, ಲಾ ಫೆಯಾ', 1999ರಿಂದ 2001. ಚೆಂದವಿಲ್ಲ ಅಂತ ಎಲ್ಲರೂ ಆಡಿಕೊಳ್ಳೋ ಜಾಣ ಹುಡುಗಿ, ಬೊಗೊಟಾದ ಒಂದು ಫ್ಯಾಷನ್ ಕಂಪನಿಯಲ್ಲಿ ಸೆಕ್ರೆಟರಿ. ಎಲ್ಲೋ ಕೇಳಿದ ಹಾಗಿದೆಯಾ? ಹೌದು, 2003ರಲ್ಲಿ ಸೋನಿ ಟಿವಿಯಲ್ಲಿ ಬಂದ 'ಜಸ್ಸಿ ಜೈಸಿ ಕೋಯಿ ನಹೀಂ' ಇದೇ ಕಥೆ.

ಅಮೆರಿಕದಲ್ಲಿ ಸಿಲ್ವಿಯೊ ಓರ್ತಾ ಮತ್ತು ನಿರ್ಮಾಪಕಿ ಸಲ್ಮಾ ಹಯೆಕ್ ತಂಡ ಅಚ್ಚನ್ನ ಬಿಟ್ಟು ತಿರುಳನ್ನ ಹಿಡಿದುಕೊಂಡಿತು. ಎಬಿಸಿ ಚಾನೆಲ್‌ನಲ್ಲಿ ವಾರಕ್ಕೊಂದೇ ಎಪಿಸೋಡ್. ನಾಲ್ಕು ಸೀಸನ್‌ಗೆ ಒಟ್ಟು 85. ಗೋಳಿನ ಜೊತೆ ಹಾಸ್ಯ ಸೇರಿಸಿದರು. ಬೆಟ್ಟಿಯನ್ನ ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿರೋ ಮೆಕ್ಸಿಕನ್ ಕುಟುಂಬದ ಮಗಳು ಮಾಡಿದರು. ಅವಳ ಅಪ್ಪನ ಹತ್ತಿರ ಕಾಗದಪತ್ರ ಇಲ್ಲ, ಯಾವಾಗ ದೇಶ ಬಿಡಿಸ್ತಾರೋ ಅನ್ನೋ ಭಯ. ಮೂಲದಲ್ಲಿ ಈ ಎಳೆಯೇ ಇಲ್ಲ, ಆದರೆ ಅಮೆರಿಕದಲ್ಲಿ ಅಂಥ ಮನೆಗಳು ಎಷ್ಟೋ ಇವೆ. ಕೊನೆಯೂ ಬೇರೆ. ಬೊಗೊಟಾದ ಬೆಟ್ಟಿ ಬಾಸ್‌ನ ಮದುವೆಯಾಗ್ತಾಳೆ. ನ್ಯೂಯಾರ್ಕ್ ಬೆಟ್ಟಿ ಹೊಸ ಕೆಲಸ ಹಿಡಿದು ಲಂಡನ್‌ಗೆ ಹೋಗ್ತಾಳೆ. ಪಾತ್ರ ಮಾಡಿದ ಅಮೆರಿಕಾ ಫೆರೆರಾಗೆ 2007ರಲ್ಲಿ ಗೋಲ್ಡನ್ ಗ್ಲೋಬ್, ಎಮ್ಮಿ ಎರಡೂ ಬಂದವು.

2014ರ 'ಜೇನ್ ದ ವರ್ಜಿನ್' ಇನ್ನೊಂದು ಹೆಜ್ಜೆ ಮುಂದೆ ಹೋಯ್ತು. ಮೂಲ 2002ರ ವೆನೆಜುವೆಲಾದ 'ಹುವಾನಾ ಲಾ ವಿರ್ಹೆನ್'. ಆಸ್ಪತ್ರೆಯ ತಪ್ಪಿನಿಂದ ಕನ್ಯೆಯೊಬ್ಬಳು ಗರ್ಭಿಣಿಯಾಗೋ ಕಥೆ. ಇಂಗ್ಲಿಷ್ ಪ್ರೇಕ್ಷಕರು ಇದಕ್ಕೆ ನಗ್ತಾರೆ ಅಂತ ಜೆನ್ನಿ ಸ್ನೈಡರ್ ಅರ್ಮನ್ ತಂಡಕ್ಕೆ ಗೊತ್ತಿತ್ತೇನೋ, ನಗುವನ್ನ ತಾವೇ ಮೊದಲು ಶುರುಮಾಡಿದರು. ಒಬ್ಬ ನಿರೂಪಕ ಪ್ರತಿ ತಿರುವಿಗೂ "ನೋಡಿದ್ರಾ, ಥೇಟ್ ಟೆಲಿನೊವೆಲಾ!" ಅನ್ನೋ ಧಾಟಿಯಲ್ಲಿ ಕಾಲೆಳೀತಾನೆ. ಜೇನ್‌ನ ಅಪ್ಪ ರೊಹೆಲಿಯೊ ಸ್ವತಃ ಟೆಲಿನೊವೆಲಾ ನಟ; ತನ್ನ ಧಾರಾವಾಹಿಯನ್ನ ಅಮೆರಿಕಕ್ಕೆ ತರೋಕೆ ಒದ್ದಾಡೋದೇ ಅವನ ಪಾಡು. ಆ ಪಾತ್ರ ಮಾಡಿದ ಹೈಮೆ ಕಮಿಲ್, ಬೆಟ್ಟಿ ಕಥೆಯ ಮೆಕ್ಸಿಕನ್ ಆವೃತ್ತಿಯ ನಾಯಕ!

ನಮಗೆ ತುಂಬಾ ಹಿಡಿಸಿದ್ದು ಮಾತ್ರ ಅಜ್ಜಿ ಆಲ್ಬಾ. ಅವಳು ಮನೆಯಲ್ಲಿ ಸ್ಪ್ಯಾನಿಷ್ ಮಾತಾಡ್ತಾಳೆ, ಮೊಮ್ಮಗಳು ಇಂಗ್ಲಿಷ್‌ನಲ್ಲಿ ಉತ್ತರ ಕೊಡ್ತಾಳೆ. ಕೆಳಗೆ ಸಬ್‌ಟೈಟಲ್ ಬರುತ್ತೆ, ಅಷ್ಟೇ. ಬೆಂಗಳೂರಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಬೆಳೆದ ಎಷ್ಟೋ ಕನ್ನಡದ ಮಕ್ಕಳ ಮನೆ ಮಾತುಕತೆ ಇದೇ ತಾನೇ? ಇಂಗ್ಲಿಷ್ ಪ್ರೇಕ್ಷಕರಿಗೆ ಕಷ್ಟ ಆಗುತ್ತೆ ಅಂತ ಅಜ್ಜಿಯ ಭಾಷೆ ಬದಲಿಸಿದ್ದರೆ ಆ ಮನೆಯೇ ಸುಳ್ಳಾಗ್ತಿತ್ತು. ಬದಲಿಸಲಿಲ್ಲ, ಧಾರಾವಾಹಿ ಐದು ಸೀಸನ್, 100 ಎಪಿಸೋಡ್ ಓಡಿತು.

ಈಗ ದಾರಿ ಇನ್ನೂ ಚಿಕ್ಕದಾಗಿದೆ. ಸ್ಟ್ರೀಮಿಂಗ್ ಬಂದ ಮೇಲೆ ಮೂಲವನ್ನೇ ಸಬ್‌ಟೈಟಲ್ ಇಟ್ಟುಕೊಂಡು ನೋಡೋರು ಹೆಚ್ಚಾಗಿದ್ದಾರೆ. 2024ರಲ್ಲಿ ಹಳೆಯ ಬೆಟ್ಟಿ ಅನಾ ಮರಿಯಾ ಒರೊಸ್ಕೊ ಅದೇ ಪಾತ್ರದಲ್ಲಿ ಪ್ರೈಮ್ ವಿಡಿಯೊಗೆ ವಾಪಸ್ ಬಂದಳು, ಸ್ಪ್ಯಾನಿಷ್ ಮಾತಾಡಿಕೊಂಡೇ.

ಡಬ್ಬಿಂಗ್ ಬೇಕೋ ರೀಮೇಕ್ ಸಾಕೋ ಅಂತ ಕನ್ನಡದಲ್ಲೂ ದಶಕಗಳ ಕಾಲ ಜಗಳ ಆಗಿದೆ. ನಮ್ಮ ಸಂಘದಲ್ಲಿ ಅದು ಇವತ್ತಿಗೂ ಮುಗಿದಿಲ್ಲ. ಬೆಟ್ಟಿ, ಜೇನ್ ನೋಡಿದ ಮೇಲೆ ನಮ್ಮ ಪ್ರಶ್ನೆ ಸ್ವಲ್ಪ ಬದಲಾಗಿದೆ. ಹೊರಗಿನ ಕಥೆ ಯಾವ ದಾರೀಲಾದ್ರೂ ಬರಲಿ. ಬಂದ ಮೇಲೆ ಅದರೊಳಗಿನ ಮನೆ ಯಾರದ್ದು, ಅಲ್ಲಿನ ಅಜ್ಜಿ ಯಾವ ಭಾಷೆ ಮಾತಾಡ್ತಾಳೆ? ಮುಂದಿನ ಸಲ ರೀಮೇಕ್ ನೋಡುವಾಗ ನೀವೂ ಗಮನಿಸಿ. ಮತ್ತೆ, ರಜೆಗೆ ಊರಿಗೆ ಹೋದಾಗ ಅಜ್ಜಿ ಕೈಯಿಂದ ರಿಮೋಟ್ ಕಿತ್ಕೋಬೇಡಿ.