ಬಾಣಲೆಯ ಹೆಸರು ಬಿಡಿ, ಬೆನ್ನು ನೋಡಿ

ಅಮೆರಿಕಾದ ಹಳೇ ಸಾಮಾನಿನ ಅಂಗಡಿಯಲ್ಲಿ ಯಾರಾದರೂ ತುಕ್ಕು ಹಿಡಿದ ಬಾಣಲೆಯನ್ನು ತಲೆಕೆಳಗು ಮಾಡಿ, ಮೊಬೈಲ್ ಟಾರ್ಚ್ ಬಿಟ್ಟು, ಐದು ನಿಮಿಷ ಅದರ ತಳವನ್ನೇ ನೋಡುತ್ತಾ ನಿಂತಿದ್ದರೆ ಹುಚ್ಚರು ಅಂದ್ಕೋಬೇಡಿ. ಅವರು ಓದುತ್ತಿದ್ದಾರೆ. ಎರಕದ ಕಬ್ಬಿಣದ, ಅಂದರೆ ನಮ್ಮ ಕಡೆ ಬೀಡು ಅಂತೀವಲ್ಲ, ಅದರ ಹಳೆಯ ಪಾತ್ರೆಗಳನ್ನು ಹುಡುಕಿ ಸಂಗ್ರಹಿಸುವುದು ಅಲ್ಲಿ ದೊಡ್ಡ ಹವ್ಯಾಸ. ಈ ಹವ್ಯಾಸಕ್ಕೆ ಬೇಕಾದ ಮುಕ್ಕಾಲು ಪಾಲು ವಿದ್ಯೆ ನಮ್ಮ ಫೌಂಡ್ರಿ ಲ್ಯಾಬಿನಲ್ಲೇ ಇದೆ. ಮರಳು ಗುದ್ದಿ ಗುದ್ದಿ ಕೈ ನೋಯಿಸಿಕೊಂಡು "ಇದೆಲ್ಲಾ ಯಾಕೆ ಬೇಕು ಸಾರ್" ಅಂತ ಗೊಣಗಿದವರಿಗೆ ಇಲ್ಲಿ ಒಂದು ಉತ್ತರ ಸಿಗಬಹುದು.

ಮೊದಲು ಕಂಪನಿಗಳ ಪರಿಚಯ ಮಾಡಿಕೊಳ್ಳೋಣ. ಈ ಲೋಕದಲ್ಲಿ ಹೆಚ್ಚು ಕೇಳಿಬರುವ ಹೆಸರು ಗ್ರಿಸ್ವಾಲ್ಡ್. ಪೆನ್ಸಿಲ್ವೇನಿಯಾದ ಈರಿ ಪಟ್ಟಣದಲ್ಲಿ 1865ರಲ್ಲಿ ಶುರುವಾದ ಕಂಪನಿ, 1957ರಲ್ಲಿ ಈರಿಯ ಕಾರ್ಖಾನೆ ಮುಚ್ಚಿತು. ಎರಡನೆಯದು ಓಹಾಯೋದ ಸಿಡ್ನಿ ಊರಿನ ವ್ಯಾಗ್ನರ್, ಶುರುವಾಗಿದ್ದು 1891ರಲ್ಲಿ. ಮೂರನೆಯದು ಲಾಡ್ಜ್, 1896ರಿಂದ ಟೆನೆಸ್ಸಿಯ ಸೌತ್ ಪಿಟ್ಸ್‌ಬರ್ಗ್‌ನಲ್ಲಿದೆ (ಉಕ್ಕಿನ ಪಿಟ್ಸ್‌ಬರ್ಗ್ ಬೇರೆ, ಇದು ಬೇರೆ). ಮೂರರಲ್ಲಿ ಇವತ್ತಿಗೂ ತನ್ನ ಊರಲ್ಲೇ ಎರಕ ಹೊಯ್ಯುತ್ತಿರೋದು ಲಾಡ್ಜ್ ಮಾತ್ರ. ಉಳಿದವನ್ನು ಹಗುರ ಅಲ್ಯೂಮಿನಿಯಂ, ಆಮೇಲೆ ನಾನ್‌ಸ್ಟಿಕ್ ಮೂಲೆಗೆ ತಳ್ಳಿದವು.

ಹಾಗಾದರೆ ತಳದಲ್ಲಿ ಹೆಸರು ಓದಿದರೆ ಮುಗೀತಲ್ಲ? ಇಲ್ಲ. ಎಡವೋದೇ ಅಲ್ಲಿ. ಕೆಲವು ಸ್ಕಿಲೆಟ್‌ಗಳ ಮೇಲೆ (ಉದ್ದ ಹಿಡಿಯ ಚಪ್ಪಟೆ ಬಾಣಲೆಗೆ ಅಲ್ಲಿ ಸ್ಕಿಲೆಟ್ ಅಂತಾರೆ) "ವ್ಯಾಗ್ನರ್ಸ್ 1891 ಒರಿಜಿನಲ್" ಅಂತ ಉಬ್ಬಕ್ಷರದಲ್ಲಿ ಇರುತ್ತೆ. ನೋಡಿದ ತಕ್ಷಣ ನೂರಮೂವತ್ತು ವರ್ಷದ ಹಳೇ ಮಾಲು ಅನ್ನಿಸುತ್ತೆ. ಅಸಲಿಗೆ ಅದು ಕಂಪನಿಯ ನೂರನೇ ವರ್ಷದ ನೆನಪಿಗೆ 1991ರ ಹೊತ್ತಿಗೆ ತಯಾರಾದ ಸರಕು. ಅಡುಗೆಗೆ ಚೆನ್ನಾಗಿಯೇ ಇದೆ, ಪುರಾತನ ಅಲ್ಲ ಅಷ್ಟೆ. ಇನ್ನೂ ಒಂದು: ಗ್ರಿಸ್ವಾಲ್ಡ್ ಹೆಸರನ್ನು 1957ರಲ್ಲಿ ವ್ಯಾಗ್ನರ್‌ನ ಮಾಲೀಕರೇ ಕೊಂಡುಕೊಂಡರು. ಹಾಗಾಗಿ ಒಂದೇ ತಳದಲ್ಲಿ ಎರಡೂ ಲೋಗೋ ಕಂಡರೆ "ಡಬಲ್ ಧಮಾಕಾ" ಅಂತ ಕುಣಿಯಬೇಡಿ, ಅದು ಈರಿಯಲ್ಲಿ ಹುಟ್ಟಿದ್ದೇ ಅಲ್ಲ. ಹೆಸರನ್ನು ಮಾರಬಹುದು, ಕೊಳ್ಳಬಹುದು, ನಕಲು ಮಾಡಬಹುದು. ಪಾತ್ರೆ ಹೇಗೆ ತಯಾರಾಯಿತು ಅನ್ನೋದರ ಗುರುತು ಮಾತ್ರ ಲೋಹದಲ್ಲೇ ಉಳಿದುಬಿಡುತ್ತೆ. ಅನುಭವಿಗಳು ನೋಡೋದು ಅದನ್ನೇ.

ಗೇಟ್ ಅಂದರೆ ಏನು ಅಂತ ವೈವಾದಲ್ಲಿ ಕೇಳಿದ್ದು ನೆನಪಿದೆಯಾ? ಕರಗಿದ ಲೋಹ ಅಚ್ಚಿನೊಳಗೆ ಹೋಗುವ ಬಾಗಿಲು. ಹತ್ತೊಂಬತ್ತನೇ ಶತಮಾನದ ಬಹುಪಾಲು ಕಾಲ ಬಾಣಲೆಯನ್ನು ಬೋರಲು ಹಾಕಿದಂತೆ ಅಚ್ಚು ಮಾಡಿ, ಲೋಹವನ್ನು ತಳದ ಮಧ್ಯಕ್ಕೇ ಹೊಯ್ಯುತ್ತಿದ್ದರು. ಆರಿದ ಮೇಲೆ ಆ ಬಾಗಿಲಲ್ಲಿ ಉಳಿದ ಕಬ್ಬಿಣದ ಪಟ್ಟಿಯನ್ನು ಮುರಿದು ತೆಗೆದರೆ ತಳದಲ್ಲಿ ಉದ್ದನೆಯ ಒಂದು ಗಾಯದ ಗೆರೆ ಉಳಿಯುತ್ತಿತ್ತು. ಇದೇ ಗೇಟ್ ಮಾರ್ಕ್. ಗೆರೆಯ ಬದಲು ದುಂಡನೆಯ ಗುಬುಟು ಇದ್ದರೆ ಸಾಮಾನ್ಯವಾಗಿ ಇನ್ನೂ ಹಳೆಯದು. ಆ ಶತಮಾನದ ಕೊನೆಗೆ ಲೋಹವನ್ನು ಪಕ್ಕದಿಂದ, ಅಂಚಿನ ಕಡೆಯಿಂದ ಹರಿಸುವ ಪದ್ಧತಿ ಬಂತು. ಗುರುತು ಅಂಚಿಗೆ ಹೋಯಿತು, ಅಂಚನ್ನು ಉಜ್ಜಿ ನಯ ಮಾಡಿದ್ದರಿಂದ ಕಾಣೆಯಾಯಿತು. ತಳ ಸಪಾಟಾಗಿ ಖಾಲಿ ಸಿಕ್ಕಿದ ಮೇಲೆ ಕಂಪನಿಗಳು ಅಲ್ಲಿ ದೊಡ್ಡ ದೊಡ್ಡ ಲೋಗೋ ಹಾಕೋಕೆ ಶುರು ಮಾಡಿದವು. ಹಾಗಾಗಿ ಗೇಟ್ ಮಾರ್ಕ್ ಇರುವ ಬಾಣಲೆಗಳಲ್ಲಿ ಬಹಳಷ್ಟಕ್ಕೆ ಹೆಸರೇ ಇಲ್ಲ. ಹೆಸರಿಲ್ಲ ಅಂತ ಅಂಗಡಿಯವನು ಅಗ್ಗಕ್ಕೆ ಕೊಟ್ಟುಬಿಡುತ್ತಾನೆ, ಗೊತ್ತಿರೋರು ನಗುತ್ತಾ ತಗೊಂಡು ಹೋಗ್ತಾರೆ.

ತಳದ ಅಂಚಿನಲ್ಲಿ ಬಳೆಯಂತೆ ಎದ್ದಿರುವ ಉಂಗುರಕ್ಕೆ ಹೀಟ್ ರಿಂಗ್ ಅಂತಾರೆ. ಸೌದೆ, ಕಲ್ಲಿದ್ದಲಿನ ಕಬ್ಬಿಣದ ಒಲೆಗಳ ಮೇಲೆ ದುಂಡನೆಯ ಕಿಂಡಿಗಳಿರುತ್ತಿದ್ದವು, ಅದರ ಮೇಲೆ ಸರಿಯಾಗಿ ಕೂರಲಿ ಅಂತ ಈ ಉಂಗುರ. ಬಾಣಲೆಯ ಮೇಲಿನ 8 ಅನ್ನೋ ಸಂಖ್ಯೆಯೂ ಆ ಒಲೆಯ ಕಿಂಡಿಯ ನಂಬರು, ಇಂಚಲ್ಲ. 8ನೇ ನಂಬರಿನ ಸ್ಕಿಲೆಟ್ ಅಳೆದರೆ ಮೇಲ್ಭಾಗ ಸುಮಾರು ಹತ್ತೂವರೆ ಇಂಚು ಬರುತ್ತೆ. ಗ್ಯಾಸು, ಕರೆಂಟಿನ ಒಲೆ ಬಂದಂತೆ ಉಂಗುರ ಮೆಲ್ಲಗೆ ಮಾಯವಾಯಿತು. ಹೆಸರಿಲ್ಲದ ಬಾಣಲೆಯ ಉಂಗುರದಲ್ಲಿ ಮೂರು ಕಡೆ ಸಣ್ಣ ಕಚ್ಚು ಇದ್ದರೆ ಅದು ಲಾಡ್ಜ್‌ನದು. "ಮೇಡ್ ಇನ್ ಯುಎಸ್‌ಎ" ಅಂತ ಇದ್ದರೆ ಸಾಮಾನ್ಯವಾಗಿ 1960ರಿಂದ ಈಚೆಯದು.

ಒಳಗಡೆ ಬೆರಳಾಡಿಸಿ ನೋಡಿ. ಹಳೆಯದು ನಯವಾಗಿರುತ್ತೆ, ಇವತ್ತಿನದು ಸಣ್ಣ ಮರಳಕಾಗದದ ಹಾಗೆ ತರಿತರಿ. ಹಳೇ ಕಾಲದಲ್ಲಿ ಒಳ್ಳೆ ಕಬ್ಬಿಣ ಇತ್ತು, ಈಗಿಲ್ಲ ಅಂತ ಕೆಲವರು ಹೇಳ್ತಾರೆ. ನಮಗೆ ಆ ಮಾತು ಒಪ್ಪಿಗೆ ಇಲ್ಲ. ಆಗ ಎರಕ ಆದಮೇಲೆ ಒಳಮೈಯನ್ನು ಕಲ್ಲಿನಲ್ಲಿ ಉಜ್ಜುವ ಒಂದು ಹಂತ ಇತ್ತು. ಬೆಳಕಿಗೆ ಓರೆಯಾಗಿ ಹಿಡಿದರೆ ಗ್ರಾಮಫೋನ್ ತಟ್ಟೆಯ ಗೆರೆಗಳಂತೆ ಅದರ ಗುರುತು ಕಾಣುತ್ತೆ. ಯಂತ್ರಗಳೇ ಅಚ್ಚು ಮಾಡುವ ಕಾಲ ಬಂದ ಮೇಲೆ ಖರ್ಚು ಉಳಿಸೋಕೆ ಆ ಹಂತವನ್ನೇ ಕೈಬಿಟ್ಟರು. ವ್ಯತ್ಯಾಸ ಲೋಹದ್ದಲ್ಲ, ಕೂಲಿಯದ್ದು. ತೂಕವೂ ಸುಳಿವು ಕೊಡುತ್ತೆ: ಹಳೇ ಗ್ರಿಸ್ವಾಲ್ಡ್ 8 ಎರಡು ಕಿಲೋ ಆಸುಪಾಸು, ಅದೇ ಅಳತೆಯ ಇವತ್ತಿನ ಲಾಡ್ಜ್ ಎರಡೂವರೆ ಕಿಲೋ ಹತ್ತಿರ.

ಈಗ ನಮಗೆ ಬಹಳ ಇಷ್ಟವಾದ ಭಾಗ, ನಕಲಿ ಹಿಡಿಯೋದು. ಅಪರೂಪದ ಬಾಣಲೆಗಳಿಗೆ, ಅದರಲ್ಲೂ ತಳದಲ್ಲಿ ಜೇಡದ ಚಿತ್ರವಿರುವ ಗ್ರಿಸ್ವಾಲ್ಡ್‌ಗೆ, ಒಳ್ಳೆ ಬೆಲೆ ಇರೋದರಿಂದ ನಕಲು ಹುಟ್ಟಿಕೊಂಡಿದೆ. ನಕಲು ಮಾಡೋನು ಏನು ಮಾಡ್ತಾನೆ? ಅಸಲಿ ಬಾಣಲೆಯನ್ನೇ ಪ್ಯಾಟರ್ನ್ ಆಗಿ ಮರಳಲ್ಲಿ ಒತ್ತಿ, ಆ ಅಚ್ಚಿಗೆ ಕಬ್ಬಿಣ ಹೊಯ್ಯುತ್ತಾನೆ. ಆದರೆ ಗ್ರೇ ಐರನ್ ಆರುವಾಗ ಸುಮಾರು ಶೇಕಡಾ 1ರಷ್ಟು ಕುಗ್ಗುತ್ತೆ. ಅಸಲಿ ಕಾರ್ಖಾನೆಯವರು ಪ್ಯಾಟರ್ನನ್ನು ಅಷ್ಟು ದೊಡ್ಡದಾಗಿಯೇ ಮಾಡಿರುತ್ತಾರೆ. ನಾವು ಪರೀಕ್ಷೆಗೆ ಬಾಯಿಪಾಠ ಮಾಡುವ ಶ್ರಿಂಕೇಜ್ ಅಲವೆನ್ಸ್ ಇದೇ. ನಕಲಿಯವನ ಪ್ಯಾಟರ್ನ್ ಆಗಲೇ ಒಮ್ಮೆ ಕುಗ್ಗಿದ ವಸ್ತು, ಅವನ ಎರಕ ಇನ್ನೊಮ್ಮೆ ಕುಗ್ಗುತ್ತೆ. ಹತ್ತೂವರೆ ಇಂಚು ಅಂದರೆ 267 ಮಿಲಿಮೀಟರ್, ಅದರ ಶೇಕಡಾ 1 ಅಂದರೆ 2.7 ಮಿಲಿಮೀಟರ್. ವರ್ನಿಯರ್ ಕೂಡ ಬೇಡ, ಸ್ಟೀಲ್ ಸ್ಕೇಲಿಗೇ ಸಿಕ್ಕಿಬೀಳುತ್ತಾನೆ. ಜೊತೆಗೆ ಅಕ್ಷರಗಳ ಅಂಚು ಜೆರಾಕ್ಸಿನ ಜೆರಾಕ್ಸ್ ಥರ ಮೊಂಡಾಗಿರುತ್ತೆ, ಮೈ ಒರಟಾಗಿರುತ್ತೆ.

ಆದರೆ ನಕಲಿಗೆ ಮೋಸ ಹೋದರೆ ಹೋಗೋದು ದುಡ್ಡು ಮಾತ್ರ. ಅದಕ್ಕಿಂತ ದೊಡ್ಡ ಅಪಾಯ ಕಣ್ಣಿಗೆ ಕಾಣೋದೇ ಇಲ್ಲ: ಸೀಸ. ಮೀನಿನ ಗಾಳಕ್ಕೆ ಕಟ್ಟುವ ತೂಕದ ಗುಂಡು, ಬಂದೂಕಿನ ಗುಂಡು ಇವನ್ನೆಲ್ಲ ಮನೆಯಲ್ಲೇ ಎರಕ ಹೊಯ್ದುಕೊಳ್ಳುವ ರೂಢಿ ಅಲ್ಲಿದೆ. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೇ ಕರಗುವುದರಿಂದ ಅಡುಗೆ ಒಲೆ, ಒಂದು ಹಳೇ ಕಬ್ಬಿಣದ ಪಾತ್ರೆ ಇದ್ದರೆ ಸಾಕು. ಅಂಥ ಪಾತ್ರೆ ಮುಂದೆ ಕೈಯಿಂದ ಕೈಗೆ ದಾಟಿ ಅಂಗಡಿಗೆ ಬಂದಾಗ ಅದರ ಹಿಂದಿನ ಕಥೆ ಹೇಳೋಕೆ ಯಾರೂ ಇರಲ್ಲ. ಅದರಲ್ಲಿ ಅಡುಗೆ ಮಾಡಿದರೆ ಸೀಸ ಊಟದ ಜೊತೆ ಮೈಗೆ ಸೇರಬಹುದು. ಮಕ್ಕಳ ಮಿದುಳಿನ ಬೆಳವಣಿಗೆಗೆ ಇದು ಎಷ್ಟು ಕೆಟ್ಟದ್ದು ಅಂತ ಬಿಡಿಸಿ ಹೇಳಬೇಕಿಲ್ಲ. ತಿಕ್ಕಿ ತೊಳೆದರೂ, ಮೇಲೆ ಎಣ್ಣೆಯ ಪದರ ಕಟ್ಟಿದರೂ ಹೋಯಿತು ಅಂತ ನಂಬುವ ಹಾಗಿಲ್ಲ. ಒರೆಸಿ ನೋಡುವ ಸೀಸದ ಪರೀಕ್ಷೆಯ ಕಿಟ್ ಸಿಗುತ್ತೆ, ಅದನ್ನು ಬಳಸದೆ ಹಳೇ ಪಾತ್ರೆಯಲ್ಲಿ ಅಡುಗೆ ಶುರು ಮಾಡಬೇಡಿ. ಸೀಸ ಇದೆ ಅಂತ ಬಂದರೆ ಆ ಪಾತ್ರೆ ಅಡುಗೆಮನೆಗೆ ಬೇಡವೇ ಬೇಡ, ಎಷ್ಟೇ ಅಪರೂಪದ್ದಾಗಿರಲಿ.

ಕೊಳ್ಳುವಾಗ ಇನ್ನೆರಡು ಪರೀಕ್ಷೆ ಬೇಗ ಮುಗಿಯುತ್ತವೆ. ಹಿಡಿಯಿಂದ ತೂಗಿ ಬೆರಳಿನ ಗೆಣ್ಣಲ್ಲಿ ತಟ್ಟಿ: ಗಂಟೆಯಂತೆ ಟಣ್ ಅಂದರೆ ಸರಿ, ದಬ್ ಅಂದರೆ ಎಲ್ಲೋ ಬಿರುಕಿದೆ. ಗಾಜಿನ ಮೇಲಿಟ್ಟು ತಿರುಗಿಸಿ: ಬುಗುರಿ ಥರ ಸುತ್ತಿದರೆ ತಳ ಉಬ್ಬಿದೆ.

ಶುಚಿ ಮಾಡೋಕೆ ಒಂದು ದಾರಿ ಎಲೆಕ್ಟ್ರಾಲಿಸಿಸ್. ಪ್ಲಾಸ್ಟಿಕ್ ಟಬ್ಬು, ನೀರು, ವಾಷಿಂಗ್ ಸೋಡಾ, ಬ್ಯಾಟರಿ ಚಾರ್ಜರ್. ನೆಗೆಟಿವ್‌ಗೆ ಬಾಣಲೆ, ಪಾಸಿಟಿವ್‌ಗೆ ಬೇಡದ ಮೈಲ್ಡ್ ಸ್ಟೀಲ್ ತುಂಡು. ಉಲ್ಟಾ ಕೊಟ್ಟರೆ ಬಾಣಲೆಯೇ ಸವೆಯುತ್ತೆ. ಸ್ಟೇನ್‌ಲೆಸ್ ಸ್ಟೀಲ್ ಮಾತ್ರ ಹಾಕಲೇಬೇಡಿ, ಅದರೊಳಗಿನ ಕ್ರೋಮಿಯಂ ವಿಷಕಾರಿ ರೂಪದಲ್ಲಿ ನೀರಿಗೆ ಇಳಿಯುತ್ತೆ. ಹೈಡ್ರೋಜನ್ ಬರುವುದರಿಂದ ಇದೆಲ್ಲಾ ಬಯಲಲ್ಲಿ ಮಾಡಬೇಕು, ಹಾಸ್ಟೆಲ್ ರೂಮಲ್ಲಿ ಅಲ್ಲ. ಜಿಡ್ಡು ಸುಡಲಿ ಅಂತ ಬೆಂಕಿಗೆ ಎಸೆಯೋದು ಎಲ್ಲಕ್ಕಿಂತ ಕೆಟ್ಟ ಉಪಾಯ. ತಳ ಸೊಟ್ಟಗಾಗುತ್ತೆ, ಮೈ ಕೆಂಪಡರಿ ಎಣ್ಣೆ ಹಿಡಿಯೋದೇ ಇಲ್ಲ. ಆಮೇಲಿನ ಕೆಲಸ ನಮ್ಮ ಅಮ್ಮ, ಅಜ್ಜಿಯರಿಗೆ ಗೊತ್ತಿರೋದೇ. ದೋಸೆ ಕಾವಲಿ ಪಳಗಿಸ್ತಾರಲ್ಲ, ಅದೇ. ತೆಳ್ಳಗೆ ಎಣ್ಣೆ ಸವರಿ ಚೆನ್ನಾಗಿ ಕಾಯಿಸಿದಾಗ ಎಣ್ಣೆಯ ಅಣುಗಳು ಒಂದಕ್ಕೊಂದು ಬೆಸೆದುಕೊಂಡು ಗಟ್ಟಿ ಪದರ ಆಗುತ್ತವೆ. ನಮ್ಮ ಪಠ್ಯದಲ್ಲಿ ಇದರ ಹೆಸರು ಪಾಲಿಮರೈಸೇಶನ್. ದಪ್ಪಗೆ ಹಚ್ಚಿದರೆ ಅಂಟಂಟು.

ಅಂದಹಾಗೆ, ಗ್ರಿಸ್ವಾಲ್ಡ್ ಪಟ್ಟಿಯಲ್ಲಿ 32ನೇ ನಂಬರಿನ ಒಂದು ಪಾತ್ರೆ ಇದೆ. ಡೆನ್ಮಾರ್ಕಿನವರು ಹಬ್ಬಕ್ಕೆ ಮಾಡುವ ಏಬಲ್‌ಸ್ಕೀವರ್ ಅನ್ನೋ ಗುಂಡನೆಯ ಸಿಹಿ ತಿಂಡಿಗೆ ಮಾಡಿದ್ದು: ದುಂಡು ಬಾಣಲೆ, ಅದರಲ್ಲಿ ಬಟ್ಟಲಿನಂಥ ಗುಳಿಗಳು. ನಮ್ಮವರು ಯಾರೇ ನೋಡಿದರೂ ಹೇಳೋದು ಒಂದೇ ಮಾತು: "ಪಡ್ಡಿನ ಹಂಚು!" ಅಮೆರಿಕಾದಲ್ಲಿರುವ ಕನ್ನಡದವರು, ತಮಿಳರು ಈ ಥರದ ಪಾತ್ರೆಯಲ್ಲಿ ಪಡ್ಡು, ಪಣಿಯಾರಂ ಮಾಡ್ಕೊಳ್ತಾರೆ. ಮುಂದಿನ ವರ್ಷ ಆ ಕಡೆ ಹೊರಡೋರು ಗಮನಿಸಿ, ಗುಳಿ ಏಳೇ ಇರೋದು, ನಮ್ಮ ಪಡ್ಡಿಗಿಂತ ದೊಡ್ಡವು. ಹಿಟ್ಟು ಮುಕ್ಕಾಲು ಗುಳಿಗೆ ಮಾತ್ರ ಹಾಕಿ, ಉರಿ ಸಣ್ಣಗಿರಲಿ, ಇಲ್ಲಾಂದ್ರೆ ಹೊರಗೆ ಕಪ್ಪಾಗಿ ಒಳಗೆ ಹಸಿಯೇ ಉಳಿಯುತ್ತೆ.