ದಾದಿಯರಿಗೆ ತೆರೆದ ವಿದ್ಯಾಮಂದಿರ

ಶುಶ್ರೂಷೆಯನ್ನು ಕಲಿಯಲೆಂದು ಆಸ್ಪತ್ರೆಗೆ ಸೇರಿದ ತರುಣಿ ಅಂದಿನಿಂದಲೇ ಅದರ ಆಳಾಗಿಬಿಡುತ್ತಿದ್ದ ಕಾಲವೊಂದಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಬಹುತೇಕ ಆಸ್ಪತ್ರೆಗಳಲ್ಲಿ ಇದೇ ಪದ್ಧತಿ. ಹಗಲಿರುಳೂ ವಾರ್ಡಿನ ದುಡಿಮೆ. ಬಿಡುವು ದೊರೆತರೆ ಪಾಠ. ಹೀಗೆ ವರ್ಷಗಟ್ಟಲೆ ದುಡಿದವಳ ಕೈಗೆ ಕೊನೆಗೊಂದು ಪ್ರಮಾಣಪತ್ರ. ಆಸ್ಪತ್ರೆಗಾದರೋ ಇಷ್ಟು ಅಗ್ಗದ ಕೈಗಳು ಬೇರೆಲ್ಲಿ ಸಿಕ್ಕಾವು? 1909ರಲ್ಲಿ ಮಿನೆಸೋಟ ವಿಶ್ವವಿದ್ಯಾನಿಲಯವು ಶುಶ್ರೂಷಾ ಶಾಲೆಯನ್ನು ತೆರೆಯಿತಾದರೂ ವಿದ್ಯಾರ್ಥಿನಿಯರ ಈ ದುಡಿಮೆ ಅಲ್ಲಿಯೂ ತಪ್ಪಲಿಲ್ಲ.

ಈ ವ್ಯವಸ್ಥೆಯ ಕುಂದುಗಳನ್ನು ಜೋಸೆಫಿನ್ ಗೋಲ್ಡ್‌ಮಾರ್ಕ್ ಅವರ ವರದಿ 1923ರಲ್ಲಿ ಬಯಲಿಗಿಟ್ಟಿತು. ಅದೇ ವರ್ಷ ಯೇಲ್ ವಿಶ್ವವಿದ್ಯಾನಿಲಯದಲ್ಲಿ, ರಾಕ್‌ಫೆಲರ್ ಪ್ರತಿಷ್ಠಾನದ ಧನಸಹಾಯದಿಂದ ಹೊಸ ಶಾಲೆಯೊಂದು ಆರಂಭವಾಯಿತು. ಒಮ್ಮೆ ಮದರಾಸಿನ ಗವರ್ನರನಾಗಿದ್ದ ಎಲಿಹು ಯೇಲನ ಹೆಸರನ್ನು ಹೊತ್ತ ಸಂಸ್ಥೆಯಿದು. ಶಾಲೆಗೆ ತನ್ನದೇ ಆಯವ್ಯಯ, ತನ್ನದೇ ಅಧ್ಯಾಪಕವರ್ಗ, ತನ್ನದೇ ಡೀನ್. ವಿದ್ಯಾರ್ಥಿನಿ ಯಾವ ವಾರ್ಡಿನಲ್ಲಿ ಎಷ್ಟು ದಿನ ಇರಬೇಕೆಂಬುದನ್ನು ಆಸ್ಪತ್ರೆಯ ಅಗತ್ಯವಲ್ಲ, ಅವಳ ಕಲಿಕೆಯೇ ನಿರ್ಧರಿಸಬೇಕೆಂಬುದು ಅಲ್ಲಿಯ ತತ್ತ್ವ. ವ್ಯಾಸಂಗದ ಅವಧಿ 28 ತಿಂಗಳು.

ಡೀನ್ ಪದವಿಗೆ ಬಂದವರು ಆನಿ ಗುಡ್‌ರಿಚ್. ಯೇಲ್‌ನಲ್ಲಿ ಆ ಸ್ಥಾನವೇರಿದ ಮೊದಲ ಮಹಿಳೆ. ಹಳೆಯ ಪದ್ಧತಿಯಲ್ಲೇ ತರಬೇತಾಗಿ 1892ರಲ್ಲಿ ಹೊರಬಂದಿದ್ದ ಆಕೆಗೆ ಅದರ ನೋವು ಚೆನ್ನಾಗಿ ತಿಳಿದಿತ್ತು. 1934ರ ವೇಳೆಗೆ ಪ್ರವೇಶಕ್ಕೆ ಪದವೀಧರೆಯೇ ಆಗಿರಬೇಕೆಂಬ ನಿಯಮ ಬಂದಿತು. ಯೇಲ್ ಕಾಲೇಜು ಹುಡುಗಿಯರನ್ನು ಸೇರಿಸಿಕೊಂಡದ್ದು 1969ರಲ್ಲಿ. ದಾದಿಯರು ಅದಕ್ಕೆ ಎಷ್ಟೋ ಮುಂಚೆ ಒಳಗೆ ಕಾಲಿಟ್ಟಿದ್ದರು!

ಆದರೆ 1950ರ ದಶಕದಲ್ಲಿ ವಿಶ್ವವಿದ್ಯಾನಿಲಯದ ಆಡಳಿತವೇ ಈ ಮೂಲ ಶಿಕ್ಷಣವನ್ನು ನಿಲ್ಲಿಸಿತು. ದಾದಿಯರಾಗಿ ಆಗಲೇ ತರಬೇತಿ ಹೊಂದಿದ್ದವರ ಉನ್ನತ ವ್ಯಾಸಂಗ ಮಾತ್ರ ಉಳಿಯಿತು. ಈ ಪೆಟ್ಟಿನಿಂದ ಶಾಲೆ ಚೇತರಿಸಿಕೊಳ್ಳುತ್ತಿದ್ದಾಗ, 1959ರಲ್ಲಿ, ಫ್ಲಾರೆನ್ಸ್ ವಾಲ್ಡ್ ಡೀನ್ ಆದರು. 1963ರಲ್ಲಿ ಇಂಗ್ಲೆಂಡಿನ ವೈದ್ಯೆ ಸಿಸಿಲಿ ಸಾಂಡರ್ಸ್ ಅಲ್ಲಿಗೆ ಬಂದು, ಗುಣವಾಗದ ರೋಗಿಗಳ ಯಾತನೆಯನ್ನು ತಗ್ಗಿಸುವ ಬಗೆಯನ್ನು ಕುರಿತು ಉಪನ್ಯಾಸವಿತ್ತರು. ವಾಲ್ಡ್ ಅವರ ಮನಸ್ಸಿನಲ್ಲಿ ಅದು ಬೇರೂರಿತು. 1966ರಲ್ಲಿ ಡೀನ್ ಪದವಿಯನ್ನೇ ಬಿಟ್ಟುಕೊಟ್ಟ ಆಕೆ ಸಾಂಡರ್ಸ್ ಲಂಡನ್ನಿನಲ್ಲಿ ಸ್ಥಾಪಿಸಿದ ಸೇಂಟ್ ಕ್ರಿಸ್ಟೋಫರ್ಸ್‌ಗೆ ಹೋಗಿ ಮತ್ತೆ ವಿದ್ಯಾರ್ಥಿನಿಯಾದರು. ಸಾಯುವವರ ಬಳಿ ಕುಳಿತು ಅವರಿಗೇನು ಬೇಕೆಂದು ಕೇಳಿ ತಿಳಿಯುವುದು ಅಲ್ಲಿಯ ಪಾಠ.

ಆಕೆ ಮತ್ತು ಸಂಗಡಿಗರ ಶ್ರಮದಿಂದ 1974ರಲ್ಲಿ ಕನೆಕ್ಟಿಕಟ್ ಹಾಸ್ಪಿಸ್ ಕೆಲಸವನ್ನಾರಂಭಿಸಿತು. ಅದಕ್ಕಿನ್ನೂ ಕಟ್ಟಡವಿರಲಿಲ್ಲ, ದಾದಿಯರೇ ರೋಗಿಗಳ ಮನೆಬಾಗಿಲಿಗೆ ಹೋದರು.