ಶಾಸನಪಾಠಶೋಧನೆಯೂ ಗಣಕದ ಅಂಗಳಗಳೂ

ಮೂಡಿಗೆರೆ ತಾಲ್ಲೂಕಿನ ಅಂಗಡಿಯು ಹೊಯ್ಸಳರ ಮೂಲಸ್ಥಾನವಾದ ಸೊಸೆವೂರೆಂದು ವಿದ್ವಾಂಸರು ಗುರುತಿಸಿರುವ ಊರು. ಅಲ್ಲಿಯ ಶಾಸನಗಳೂ ಕಳಸದ ಶಾಸನಗಳೂ ಬಿ. ಎಲ್. ರೈಸ್ ಅವರು 1901ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಆರನೆಯ ಸಂಪುಟದಲ್ಲಿ, ಅಂದಿನ ಕಡೂರು ಜಿಲ್ಲೆಯವಾಗಿ, ಅಚ್ಚಾಗಿವೆ. ಅದರಲ್ಲಿ ಕನ್ನಡ ಲಿಪಿಯ ಪಾಠವು ಒಂದೆಡೆ, ರೋಮನ್ ಲಿಪಿಯದು ಇನ್ನೊಂದೆಡೆ, ಇಂಗ್ಲಿಷ್ ಭಾಷಾಂತರವು ಮತ್ತೊಂದೆಡೆ. ಪುಸ್ತಕವು ಕೈಯಲ್ಲಿದ್ದರೆ ಮೂರು ಕಡೆ ಬೆರಳಿಟ್ಟು ಓದಬಹುದು. ಗಣಕದ ತೆರೆಯಲ್ಲಾದರೋ ಮೂರು ಕಿಟಕಿಗಳು ಬೇಕು. ಕಿಟ್ಟೆಲರ ನಿಘಂಟಿಗೆ ಒಂದು, ಟಿಪ್ಪಣಿಗೆ ಒಂದು. ಎರಡು ಶಾಸನಗಳನ್ನು ಒಟ್ಟಿಗೆ ನೋಡತೊಡಗಿದರೆ ಗೊಂದಲವು ಹೇಳತೀರದು. ಈ ಲೇಖಕನು ಒಮ್ಮೆ ಒಂದರ ಪಾಠಾಂತರವನ್ನು ಇನ್ನೊಂದರ ಟಿಪ್ಪಣಿಯಲ್ಲಿ ಬರೆದು, ಎರಡು ದಿನ ಅದರ ಮೇಲೆಯೇ ಅರ್ಥವಿಚಾರ ಮಾಡಿದುದುಂಟು.

ಈ ತೊಡಕಿಗೆ ಪರಿಹಾರವನ್ನು 1986ರಲ್ಲಿ ಜೆರಾಕ್ಸ್ ಸಂಸ್ಥೆಯ ಆಸ್ಟಿನ್ ಹೆಂಡರ್ಸನ್, ಸ್ಟುವರ್ಟ್ ಕಾರ್ಡ್ ಎಂಬವರು ‘ರೂಮ್ಸ್’ ಎಂಬ ಏರ್ಪಾಟಿನಿಂದ ತೋರಿಸಿದರು. ಪೀಟರ್ ಡೆನ್ನಿಂಗ್ 1968ರಲ್ಲಿ ಗಣಕದ ಸ್ಮೃತಿಯನ್ನು ಕುರಿತು ಹೇಳಿದ ಮಾತೇ ಅವರಿಗೆ ಆಧಾರ: ಯಾವ ಕೆಲಸವೂ ಒಂದು ಹೊತ್ತಿನಲ್ಲಿ ಬಳಸುವುದು ಕೆಲವೇ ವಸ್ತುಗಳನ್ನು; ಅವಿಷ್ಟೂ ಒಟ್ಟಿಗೆ ಹಿಡಿಸದಿದ್ದರೆ ತಂದು ಇಡುವುದರಲ್ಲಿಯೇ ಕಾಲವೆಲ್ಲ ಕಳೆಯುವುದು. ಆದುದರಿಂದ ಒಂದೊಂದು ಕೆಲಸದ ಕಿಟಕಿಗಳಿಗೆ ಒಂದೊಂದು ಪ್ರತ್ಯೇಕ ಸ್ಥಳ. ಅದನ್ನು ನಾನು ಅಂಗಳವೆಂದು ಕರೆಯುತ್ತೇನೆ. ಕಾಫಿಯ ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಣದಲ್ಲಿ ಚೆರ್ರಿಯನ್ನೂ ಪಾರ್ಚ್‌ಮೆಂಟನ್ನೂ ಬೆರೆಸಿ ಹರಡುವವರು ಯಾರೂ ಇಲ್ಲ.

ಆದರೆ ಅಂಗಳಗಳು ಹೆಚ್ಚಿದೊಡನೆ ಹೊಸ ಪ್ರಶ್ನೆಯೊಂದು ಏಳುವುದು. ಆಲ್ಟ್, ಟ್ಯಾಬ್ ಕೀಲಿಗಳನ್ನು ಕೂಡಿ ಒತ್ತಿದರೆ, ಕಿಟಕಿಗಳು ಇತ್ತೀಚೆಗೆ ಬಳಸಿದ ಅನುಕ್ರಮದಲ್ಲಿ ಬರುವುವು. ಎರಡರ ನಡುವೆ ಓಡಾಡಲು ಇದು ಬಲು ಅನುಕೂಲ. ಆರು ಏಳು ಆದಾಗ ಎಣಿಸಬೇಕಾಗುತ್ತದೆ. ಅನುಕ್ರಮವು ಪ್ರತಿಸಲವೂ ಬದಲಾಗುವುದರಿಂದ ಕೈಗೆ ರೂಢಿಯಾಗದು. ಆ ಸಾಲಿನಲ್ಲಿ ಎಲ್ಲ ಅಂಗಳಗಳ ಕಿಟಕಿಗಳೂ ಇರಬೇಕೆ, ಎದುರಿಗಿರುವುದರವು ಮಾತ್ರವೆ? ಎಲ್ಲವೂ ಇದ್ದರೆ ಬೆರಳು ತಪ್ಪಿದೊಡನೆ ಅಂಗಳವೇ ಬದಲಾಗುವುದು; ನನ್ನ ಪಾಠಾಂತರವು ದಾರಿ ತಪ್ಪಿದುದು ಹೀಗೆಯೇ. ಇಲ್ಲಿಯವು ಮಾತ್ರವಿದ್ದರೆ, ಬೇರೆಡೆಯ ಕಿಟಕಿಗಾಗಿ ಮೊದಲು ಅಂಗಳವನ್ನು ದಾಟಬೇಕು. 2015ರ ವಿಂಡೋಸ್ 10ರಿಂದ ಈಚೆಗೆ ಆ ವ್ಯವಸ್ಥೆಯಲ್ಲಿಯೂ, ಲಿನಕ್ಸ್‌ನ ಗ್ನೋಮ್‌ನಲ್ಲಿಯೂ ಈ ಆಯ್ಕೆಯು ಬಳಸುವವರಿಗೇ ಬಿಟ್ಟದ್ದು.

ಪಾಠಶೋಧಕರಿಗೆ ಎರಡನೆಯದೇ ಲೇಸೆಂದು ನನ್ನ ಅಭಿಪ್ರಾಯ. ಒಂದು ಶಾಸನಕ್ಕೆ ಒಂದು ಅಂಗಳ, ಅದರೊಳಗೆ ಆಲ್ಟ್-ಟ್ಯಾಬ್. ಅಂಗಳದಿಂದ ಅಂಗಳಕ್ಕೆ ಹೋಗಲು ಬೇರೆಯ ಕೀಲಿಗಳು; ವಿಂಡೋಸ್‌ನಲ್ಲಿ ವಿಂಡೋಸ್ ಕೀಲಿ, ಕಂಟ್ರೋಲ್, ಬಾಣದ ಕೀಲಿ ಇವು ಮೂರನ್ನೂ ಒಟ್ಟಿಗೆ ಒತ್ತತಕ್ಕದ್ದು. ಬೆರಳಿನ ಚಲನೆಯೇ ಬೇರೆಯಾದುದರಿಂದ ಗಡಿಯನ್ನು ದಾಟುತ್ತಿರುವೆವೆಂಬ ಎಚ್ಚರವು ತಾನಾಗಿಯೇ ಉಂಟಾಗುವುದು. ನಿಘಂಟು ಮಾತ್ರ ಎಲ್ಲೆಡೆಯೂ ಬೇಕಾದುದು. ಒಂದೇ ಕಿಟಕಿಯು ಹಲವು ಕೋಣೆಗಳಲ್ಲಿ ಕಾಣುವಂತೆ ‘ರೂಮ್ಸ್’ನಲ್ಲಿಯೇ ಅವಕಾಶವಿತ್ತು; ಇಂದಿನ ವ್ಯವಸ್ಥೆಗಳಲ್ಲಿಯೂ ಕಿಟಕಿಯೊಂದನ್ನು ಎಲ್ಲ ಅಂಗಳಗಳಲ್ಲಿ ತೋರಿಸೆಂದು ಗೊತ್ತುಮಾಡಬಹುದು. ನಾನು ಕಿಟ್ಟೆಲರನ್ನು ಹಾಗೆ ಇರಿಸಿದ್ದೇನೆ, ಟಿಪ್ಪಣಿಯನ್ನು ಇರಿಸಿಲ್ಲ.